ಫ್ರೀಜರಿನಿಂದ ಮನೆಖರ್ಚು ತಗ್ಗುವುದು ಯಾವಾಗ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಮನೆಯ ಫ್ರೀಜರನ್ನು ಬಳಸಿ ಊಟದ ಖರ್ಚು ಉಳಿಸುವ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ, ಹೆಸರುಗಳನ್ನು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಐದು ಜನರ ಮನೆ. ತೋಟದಲ್ಲಿ ಹಲಸು, ಮಾವು ಕೊಳೆತುಹೋಗುವಷ್ಟಿದೆ. ಈಗ ಇರುವುದು ಒಂಟಿ ಬಾಗಿಲಿನ ಹಳೆಯ ಫ್ರಿಜ್. ಪ್ರತ್ಯೇಕವಾಗಿ ಒಂದು ಡೀಪ್ ಫ್ರೀಜರ್ ತಂದರೆ ಎರಡೇ ವರ್ಷದಲ್ಲಿ ಅದರ ಹಣ ಹುಟ್ಟುತ್ತದೆ ಎಂದು ಮಗ ಹೇಳುತ್ತಾನೆ. ನಮ್ಮ ಯಜಮಾನರಿಗೆ ಕರೆಂಟ್ ಬಿಲ್ಲಿನ ಹೆದರಿಕೆ. ಯಾರ ಮಾತನ್ನು ಕೇಳಲಿ?
– ಗೃಹಿಣಿಯೊಬ್ಬರು, ಬದಿಯಡ್ಕ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇಬ್ಬರೂ ಕಾಗದ ಪೆನ್ನು ಹಿಡಿದು ಕುಳಿತಂತೆ ಕಾಣುವುದಿಲ್ಲ. ನೀವು ನೋಡಿರುವ ಫ್ರೀಜರಿನ ಬೆಲೆ 15,000 ರೂಪಾಯಿ, ಅದು ಹತ್ತು ವರ್ಷ ಬಾಳುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಯಂತ್ರದ ಖರ್ಚೇ ವರ್ಷಕ್ಕೆ 1,500 ರೂಪಾಯಿ ಆಯಿತು. ಸ್ಟಾರ್ ಲೇಬಲ್ ಇರುವ ಯಂತ್ರವಾದರೆ ವರ್ಷಕ್ಕೆ ಎಷ್ಟು ಯೂನಿಟ್ ಬೇಕೆಂಬುದು ಅದರಲ್ಲಿಯೇ ಅಚ್ಚಾಗಿರುತ್ತದೆ. ಅದು 300 ಯೂನಿಟ್ ಆಗಿದ್ದು, ಯೂನಿಟ್ಟಿಗೆ ಸರಾಸರಿ 7 ರೂಪಾಯಿ ಹಿಡಿದರೆ 2,100 ರೂಪಾಯಿ. ಎರಡೂ ಸೇರಿ 3,600, ಅಂದರೆ ತಿಂಗಳಿಗೆ 300 ರೂಪಾಯಿ. ಫ್ರೀಜರ್ ಮನೆಗೆ ಬಂದ ಮೇಲೆ ಪ್ರತಿ ತಿಂಗಳೂ 300 ರೂಪಾಯಿಗಿಂತ ಹೆಚ್ಚು ಬೆಲೆಯ ಆಹಾರ ಹಾಳಾಗದೆ ಉಳಿಯಬೇಕು ಅಥವಾ ಅಷ್ಟು ಅಗ್ಗದಲ್ಲಿ ಕೊಂಡದ್ದಾಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಅದು ಸೌಕರ್ಯವೇ ಹೊರತು ಉಳಿತಾಯವಲ್ಲ. ಬೆಲೆ, ಯೂನಿಟ್, ದರ ಮೂರನ್ನೂ ನಿಮ್ಮ ಅಂಕಿಗಳಿಂದ ಬದಲಾಯಿಸಿ ನೋಡಿ. ಎರಡೇ ವರ್ಷದಲ್ಲಿ ಹಣ ಹುಟ್ಟಬೇಕಾದರೆ ಇದೇ ಲೆಕ್ಕದಲ್ಲಿ ತಿಂಗಳಿಗೆ 800 ರೂಪಾಯಿಯಷ್ಟು ಉಳಿತಾಯವಾಗಬೇಕಾಗುತ್ತದೆ ಎಂಬುದನ್ನು ಮಗನಿಗೆ ತೋರಿಸಿ.

ಯಜಮಾನರ ಹೆದರಿಕೆಗೆ ಅವರು ಹೇಳಿರದ ಕಾರಣವೊಂದು ಇದೆ. ಕೇರಳದಲ್ಲಿ ಮನೆಬಳಕೆಯ ವಿದ್ಯುತ್ತಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಹಂತಹಂತವಾಗಿ ದರ ಏರುತ್ತದೆ. ಮೊದಲ ಯೂನಿಟ್ಟುಗಳಿಗೆ ಕಡಿಮೆ, ಅನಂತರದವುಗಳಿಗೆ ಹೆಚ್ಚು. 250ನ್ನು ದಾಟಿದ ಕೂಡಲೇ ಈ ಹಂತಗಳ ರಿಯಾಯಿತಿ ತಪ್ಪಿ, ಮೊದಲನೆಯ ಯೂನಿಟ್ಟಿನಿಂದ ಹಿಡಿದು ಎಲ್ಲಕ್ಕೂ ಒಂದೇ ಮೇಲಿನ ದರ ಬೀಳುತ್ತದೆ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನೀವು ನೋಡಬೇಕಾದ ಗೆರೆ 500 ಯೂನಿಟ್. ಈಗಿನ ಬಿಲ್ಲು 300ರ ಆಸುಪಾಸಿನಲ್ಲಿದ್ದರೆ ಫ್ರೀಜರ್ ಸೇರಿಸುವ 50 ಯೂನಿಟ್ ದೊಡ್ಡ ಸಂಗತಿಯಲ್ಲ. 470ರಲ್ಲಿದ್ದರೆ ಮಾತ್ರ ಅದೇ 50 ಯೂನಿಟ್ ಇಡೀ ಬಿಲ್ಲನ್ನು ಮೇಲೆತ್ತಿಬಿಡುತ್ತದೆ. ಆಗ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಕಳೆದ ಒಂದು ವರ್ಷದ ಬಿಲ್ಲುಗಳನ್ನು ತೆಗೆದು ನೋಡಿ, ಮುಖ್ಯವಾಗಿ ಫ್ಯಾನು ಹಗಲಿರುಳು ತಿರುಗುವ ಮಾರ್ಚ್‌ನಿಂದ ಮೇವರೆಗಿನವನ್ನು.

ನಮ್ಮ ಅಭಿಪ್ರಾಯ ಇಷ್ಟು: ಹಳೆಯ ಫ್ರಿಜ್ಜನ್ನು ಹೇಗೂ ಬದಲಾಯಿಸುವ ಕಾಲ ಬಂದಿದ್ದರೆ, ಬೇರೆ ಫ್ರೀಜರ್ ಕೊಳ್ಳುವ ಬದಲು, ಮೇಲ್ಭಾಗದಲ್ಲಿ ಪ್ರತ್ಯೇಕ ಬಾಗಿಲಿನ ಫ್ರೀಜರ್ ಇರುವ ಎರಡು ಬಾಗಿಲಿನ ಫ್ರಿಜ್ಜನ್ನೇ ಕೊಳ್ಳುವುದು ಜಾಣತನ. ಐದು ಜನರ ಮನೆಗೆ ಅಷ್ಟು ಜಾಗವನ್ನು ತುಂಬಿಸಿ ಖಾಲಿ ಮಾಡುವುದೇ ಸಾಕಷ್ಟು ಕೆಲಸ. ಫ್ರಿಜ್ ಚೆನ್ನಾಗಿಯೇ ಇದ್ದು, ತೋಟದ ಹಣ್ಣು ನಿಜಕ್ಕೂ ಹಾಳಾಗುತ್ತಿದ್ದರೆ ಸುಮಾರು 100 ಲೀಟರಿನ ಫ್ರೀಜರ್ ಸಾಕು. ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆಯಂಥದ್ದರಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಳದಲ್ಲಿಯೇ ನಿಲ್ಲುವುದರಿಂದ ಕರೆಂಟ್ ಕಡಿಮೆ ಸಾಕು. ಆದರೆ ತಳದಲ್ಲಿ ಇಟ್ಟದ್ದು ಮರೆತುಹೋಗುವುದೂ ಅದರಲ್ಲಿಯೇ ಹೆಚ್ಚು. ಅದನ್ನು ಒಲೆಯ ಪಕ್ಕದಲ್ಲಾಗಲಿ ಬಿಸಿಲು ಬೀಳುವ ಜಗಲಿಯಲ್ಲಾಗಲಿ ಇಡಬೇಡಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುವಷ್ಟು ಸಂದು ಬಿಡಿ, ವೋಲ್ಟೇಜ್ ಏರಿಳಿಯುವ ಊರಾದರೆ ಸ್ಟೆಬಿಲೈಸರ್ ಹಾಕಿಸಿ.

ಒಂಟಿ ಬಾಗಿಲಿನ ಫ್ರಿಜ್ಜಿನ ಒಳಗಿನ ಮಂಜುಗಡ್ಡೆಯ ಗೂಡನ್ನು ನಂಬಿ ದೀರ್ಘಕಾಲದ ದಾಸ್ತಾನು ಮಾಡಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಈ ಪುಟದಲ್ಲಿ ಹೇಳುವ ತಿಂಗಳುಗಳ ಲೆಕ್ಕವೆಲ್ಲ ಮೈನಸ್ 18 ಡಿಗ್ರಿ ಸೆಲ್ಸಿಯಸ್ಸಿಗೆ ಅನ್ವಯಿಸುವಂಥದ್ದು. ಆ ಗೂಡಿನಲ್ಲಿ ಇಟ್ಟ ಐಸ್‌ಕ್ರೀಮ್ ಕಲ್ಲಿನಂತೆ ಗಟ್ಟಿಯಾಗದೆ ಚಮಚ ಸಲೀಸಾಗಿ ಇಳಿಯುವಂತಿದ್ದರೆ ಅಲ್ಲಿ ಅಷ್ಟು ತಂಪಿಲ್ಲ ಎಂದರ್ಥ; ಅಂಥಲ್ಲಿ ಇಟ್ಟದ್ದನ್ನು ಕೆಲವು ವಾರಗಳಲ್ಲಿ ಮುಗಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಮೀನಿನ ಬೆಲೆ ಕೈಗೆಟಕುವುದಿಲ್ಲ. ಮೇ ತಿಂಗಳಲ್ಲಿ ಬಂಗುಡೆ, ಬೂತಾಯಿ ಅಗ್ಗವಾಗಿ ಸಿಕ್ಕಾಗ ಹೆಚ್ಚು ತಂದು ಫ್ರೀಜರಿನಲ್ಲಿ ಇಟ್ಟರೆ ಆಗಸ್ಟ್‌ವರೆಗೆ ಬರುತ್ತದೆಯೇ? ಕಳೆದ ವರ್ಷ ಇಟ್ಟದ್ದು ಕಮಟು ವಾಸನೆ ಬಂದು ಬಿಸಾಡಬೇಕಾಯಿತು.
– ಓದುಗರೊಬ್ಬರು, ಉಪ್ಪಳ

ಉತ್ತರ: ಲೆಕ್ಕಾಚಾರ ಸರಿಯಾಗಿದೆ, ಆರಿಸಿಕೊಂಡ ಮೀನು ಮತ್ತು ಇಟ್ಟ ರೀತಿಯಲ್ಲಿ ಎಡವಟ್ಟಾಗಿರಬೇಕು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ನಡುರಾತ್ರಿವರೆಗೆ, ಅಂದರೆ 52 ದಿನ ಟ್ರಾಲಿಂಗ್ (ಯಾಂತ್ರೀಕೃತ ದೋಣಿಗಳಿಂದ ಬಲೆ ಎಳೆದು ಮೀನು ಹಿಡಿಯುವುದರ) ನಿಷೇಧವಿರುತ್ತದೆ. ಗಡಿಯಾಚೆ ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದಲೇ ದಡ ಸೇರುವುದರಿಂದ ಮಂಗಳೂರಿನ ಕಡೆಯಿಂದ ನಿಮ್ಮ ಊರಿಗೆ ಬರುವ ಮೀನು ಇನ್ನೂ ಮೊದಲೇ ಕಡಿಮೆಯಾಗುತ್ತದೆ. ಹಾಗಾಗಿ ನೀವು ದಾಟಿಸಬೇಕಾದದ್ದು ಹೆಚ್ಚೆಂದರೆ ಎರಡು ತಿಂಗಳು. ಬಂಗುಡೆ ಮತ್ತು ಬೂತಾಯಿ ಎಣ್ಣೆಯಂಶದ ಮೀನುಗಳು. ಹೆಪ್ಪುಗಟ್ಟಿದ ಮೇಲೂ ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಬೆರೆತು ಕಮಟಾಗುತ್ತಲೇ ಇರುತ್ತದೆ. ಇವು ಎರಡರಿಂದ ಮೂರು ತಿಂಗಳು ಮಾತ್ರ ರುಚಿ ಉಳಿಸಿಕೊಳ್ಳುತ್ತವೆ. ಎಣ್ಣೆ ಕಡಿಮೆ ಇರುವ ಕಾಣೆ, ನಂಗು ಮುಂತಾದವು ಆರು ತಿಂಗಳವರೆಗೂ ಬರುತ್ತವೆ. ಮೇ ಕೊನೆಯ ವಾರದಲ್ಲಿ ತಂದ ಬೂತಾಯಿಯನ್ನು ಜುಲೈ ಮುಗಿಯುವುದರೊಳಗೆ ತಿಂದುಬಿಡಿ, ಆಗಸ್ಟಿಗೆಂದು ಉಳಿಸುವುದಿದ್ದರೆ ಕಾಣೆಯನ್ನು ಉಳಿಸಿ.

ಕಮಟಾಗುವುದನ್ನು ತಡೆಯುವ ಉಪಾಯ ಗಾಳಿಯನ್ನು ದೂರವಿಡುವುದು. ಅಂಗಡಿಯವರು ಕೊಟ್ಟ ತೆಳ್ಳನೆಯ ಚೀಲದಲ್ಲಿಯೇ ಮೀನನ್ನು ಫ್ರೀಜರಿಗೆ ತಳ್ಳಿದರೆ, ಚೀಲದ ಒಳಗಿನ ಒಣಗಾಳಿ ಮೀನಿನ ಮೈಯ ಮಂಜನ್ನು ನೇರವಾಗಿ ಆವಿಯಾಗಿಸಿ ಹೀರಿಕೊಳ್ಳುತ್ತದೆ. ಅಲ್ಲಲ್ಲಿ ಬಿಳಿಚಿಕೊಂಡು ನಾರುನಾರಾಗುವುದು ಅದರಿಂದಲೇ. ಮೀನನ್ನು ತಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು, ಒಂದು ಹೊತ್ತಿನ ಪದಾರ್ಥಕ್ಕೆ ಬೇಕಾಗುವಷ್ಟನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು, ಮೇಲೆ ಎರಡು ಬೆರಳು ಜಾಗ ಬಿಟ್ಟು ಮುಚ್ಚಿ ಹೆಪ್ಪುಗಟ್ಟಿಸಿ. ಮರುದಿನ ಡಬ್ಬಿಯಿಂದ ಇಟ್ಟಿಗೆಯಂಥ ಮಂಜುಗಡ್ಡೆಯನ್ನು ಬಿಡಿಸಿ, ದಪ್ಪ ಕವರಿನಲ್ಲಿ ಹಾಕಿ, ಡಬ್ಬಿಯನ್ನು ಮುಂದಿನ ಸರದಿಗೆ ಬಳಸಬಹುದು. ದೊಡ್ಡ ತುಂಡುಗಳಾದರೆ ಮೊದಲು ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ, ಅನಂತರ ಮಂಜುನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಮತ್ತೆ ಒಳಗಿಟ್ಟರೆ ತುಂಡಿನ ಸುತ್ತ ತೆಳುವಾದ ಮಂಜಿನ ಹೊದಿಕೆ ಬರುತ್ತದೆ. ಮೀನು ಸಂಸ್ಕರಣೆಯ ಕಾರ್ಖಾನೆಗಳಲ್ಲೂ ಮಾಡುವುದು ಇದನ್ನೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬಂಗುಡೆಯ ಜಾತಿಯ ಮೀನುಗಳು ಬಿಸಿಲಲ್ಲಿ ಕೆಲವು ಗಂಟೆ ಬಿದ್ದಿದ್ದರೆ ಅವುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ. ತಿಂದವರಿಗೆ ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ ಕಾಣಿಸುವುದು ಅದರಿಂದ. ಒಮ್ಮೆ ಸೇರಿದ ಹಿಸ್ಟಮಿನ್ ಫ್ರೀಜರಿನ ತಂಪಿಗೂ ಹೋಗುವುದಿಲ್ಲ, ಒಲೆಯ ಬಿಸಿಗೂ ಹೋಗುವುದಿಲ್ಲ. ಆದ್ದರಿಂದ ಸಂಜೆ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಅರ್ಧ ಬೆಲೆಗೆ ಸಿಗುವ, ಐಸ್ ಕಾಣದ ಬಂಗುಡೆ ಫ್ರೀಜರಿಗೆ ತಕ್ಕದ್ದಲ್ಲ. ಐಸ್ ಹಾಕಿಟ್ಟ, ಕಣ್ಣು ಹೊಳೆಯುವ, ಕಿವಿರು ಕೆಂಪಗಿರುವ ಮೀನನ್ನು ಬೆಳಿಗ್ಗೆಯೇ ಕೊಂಡು, ಮನೆಗೆ ಬರುವವರೆಗೂ ಐಸಿನಲ್ಲಿಯೇ ಇಡಿ. ನಿಷೇಧದ ದಿನಗಳಲ್ಲಿ ಪೇಟೆಗೆ ಬರುವ ಹೊರಗಿನ ಮೀನು ಅದಾಗಲೇ ಒಮ್ಮೆ ಹೆಪ್ಪುಗಟ್ಟಿ ಕರಗಿದ್ದಾಗಿರಬಹುದು. ಅದನ್ನು ತಂದ ದಿನವೇ ಪದಾರ್ಥ ಮಾಡಿ ಮುಗಿಸಿ.

ಒಣಮೀನನ್ನು ಮರೆಯಬೇಡಿ. ಮಳೆಗಾಲಕ್ಕೆಂದು ಕಡಲ ತೀರದವರು ಕಂಡುಕೊಂಡ ದಾರಿಗೆ ಕರೆಂಟಿನ ಹಂಗಿಲ್ಲ.

ಪ್ರಶ್ನೆ: ಬಕ್ಕೆ (ಗಟ್ಟಿ ತಿರುಳಿನ) ಹಲಸಿನ ಸೊಳೆ, ತುಳುವ (ಮೆತ್ತನೆಯ ತಿರುಳಿನ) ಹಲಸಿನ ಹಣ್ಣು, ಗುಜ್ಜೆ (ಎಳೆಯ ಹಲಸು), ಕಾಟು (ಕಾಡು) ಮಾವಿನಹಣ್ಣು ಇವುಗಳಲ್ಲಿ ಯಾವುದನ್ನು ಫ್ರೀಜರಿನಲ್ಲಿ ಇಡಬಹುದು? ಅತ್ತೆಯವರು ಉಪ್ಪುಸೊಳೆ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ.
– ಸಹೋದರಿಯೊಬ್ಬರು, ನೀರ್ಚಾಲು

ಉತ್ತರ: ಅತ್ತೆಯವರು ಕೇಳಿದ ಪ್ರಶ್ನೆಯಿಂದಲೇ ಆರಂಭಿಸೋಣ. ಭರಣಿಯಲ್ಲಿ ಉಪ್ಪು ಹಾಕಿ ಒತ್ತಿಟ್ಟ ಸೊಳೆ ವರ್ಷವಿಡೀ ಕೆಡುವುದಿಲ್ಲ, ಅದರ ರೊಟ್ಟಿಯ ಮತ್ತು ಉಂಡುಲಕಾಳಿನ ರುಚಿ ಫ್ರೀಜರಿನ ಸೊಳೆಗೆ ಬರುವುದೂ ಇಲ್ಲ. ಮನೆಯಲ್ಲಿ ಉಪ್ಪುಸೊಳೆ ಖರ್ಚಾಗುವುದಾದರೆ ಅದನ್ನು ಬಿಡಬೇಡಿ. ಆದರೆ ಅದನ್ನು ಎಷ್ಟು ಸಲ ನೀರಿನಲ್ಲಿ ನೆನೆಹಾಕಿ ಹಿಂಡಿದರೂ ಸ್ವಲ್ಪ ಉಪ್ಪು ಉಳಿಯುತ್ತದೆ. ರಕ್ತದೊತ್ತಡ ಇರುವವರಿಗೆ ಅದು ಹಿತವಲ್ಲ, ಮತ್ತು ಹಸಿ ಸೊಳೆಯ ಪಲ್ಯ ಬೇಕೆಂದರೆ ಅದರಿಂದ ಆಗದು. ಫ್ರೀಜರಿಗೆ ಕೆಲಸ ಇರುವುದು ಅಲ್ಲಿ.

ಬೆಳೆದ ಹಸಿ ಸೊಳೆಯನ್ನು ಬೇಳೆ ತೆಗೆದು ಸೀಳಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿನಲ್ಲಿ ಆರಿಸಿ, ಬಟ್ಟೆಯ ಮೇಲೆ ಹರಡಿ ನೀರು ಒರೆಸಿ ಇಡಬೇಕು. ಗುಜ್ಜೆಯನ್ನು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಅದನ್ನೂ ಹೀಗೆಯೇ ಅರೆಬೇಯಿಸಿ ಇಡಬಹುದು. ಪದಾರ್ಥ ಮಾಡುವಾಗ ಕರಗಿಸುವ ಅಗತ್ಯವಿಲ್ಲ, ಮಂಜುಗಟ್ಟಿದ್ದನ್ನೇ ಕುದಿಯುವ ನೀರಿಗೆ ಹಾಕಿ. ಬಕ್ಕೆಯ ಹಣ್ಣಿನ ಸೊಳೆಗೆ ಬೇಯಿಸುವ ಕೆಲಸವಿಲ್ಲ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಕವರಿಗೆ ತುಂಬಿದರೆ ಬೇಕಾದಷ್ಟೇ ತೆಗೆಯಲು ಬರುತ್ತದೆ. ಹಾಗೆ ಮಾಡದೆ ಒಟ್ಟಿಗೆ ತುಂಬಿದರೆ ನಾಲ್ಕು ಸೊಳೆಗಾಗಿ ಇಡೀ ಗಟ್ಟಿಯನ್ನು ಕುಟ್ಟಬೇಕಾಗುತ್ತದೆ. ತುಳುವವನ್ನು ನಾರು ತೆಗೆದು ಕಡೆದು ರಸವಾಗಿಯೇ ಇಡುವುದು ಒಳ್ಳೆಯದು. ಆಷಾಢದ ಮಳೆಯಲ್ಲಿ ಗೆಣಸಲೆ, ಕೊಟ್ಟಿಗೆ, ಮುಳ್ಕದಂಥ ತಿಂಡಿಗಳೆಲ್ಲಕ್ಕೂ ಅದು ಒದಗುತ್ತದೆ. ಹಣ್ಣುಗಳು ಎಂಟು ಹತ್ತು ತಿಂಗಳವರೆಗೆ ಚೆನ್ನಾಗಿರುತ್ತವೆ, ಅಂದರೆ ಮುಂದಿನ ಹಲಸಿನ ಕಾಲದ ಹತ್ತಿರದವರೆಗೆ.

ಕಾಟು ಮಾವಿನಹಣ್ಣಿನ ಸಿಪ್ಪೆ ಸುಲಿದು ಗೊರಟು ಸಹಿತ, ಒಂದು ಹೊತ್ತಿನ ಸಾಸಿವೆಗೆ (ಕಾಯಿ, ಸಾಸಿವೆ ಅರೆದು ಮಾಡುವ ಪದಾರ್ಥಕ್ಕೆ) ಎಷ್ಟು ಬೇಕೋ ಅಷ್ಟನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಕರಗಿದ ಮೇಲೆ ತಿರುಳು ಮೆತ್ತಗಾಗಿರುತ್ತದೆ, ಆದರೆ ಗೊಜ್ಜಿಗೂ ಸಾಸಿವೆಗೂ ಮೆತ್ತಗಿದ್ದರೇ ಅನುಕೂಲ. ಹಲಸಿನ ಬೇಳೆಗೆ ಮಾತ್ರ ಫ್ರೀಜರಿನ ಜಾಗವನ್ನು ಕೊಡಬೇಡಿ. ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿ ರಾಶಿ ಹಾಕಿದರೂ, ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿದರೂ ಅದು ಉಳಿಯುತ್ತದೆ.

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದ ಮೇಲೂ ಮರದಡಿಯಲ್ಲಿ ಬಿದ್ದು ಕೊಳೆಯುವ ಹಣ್ಣೇನೂ ಕಡಿಮೆಯಾದಂತಿಲ್ಲ. ನಿಮ್ಮ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆಯಾದ್ದರಿಂದ, ಫ್ರೀಜರ್ ಹೆಚ್ಚು ಉಳಿಸಿಕೊಡುವುದು ಇದರಲ್ಲಿಯೇ. ಆದರೆ ಉಳಿತಾಯವನ್ನು ಹಣ್ಣಿನ ಬೆಲೆಯಲ್ಲಿ ಅಳೆಯಬಾರದು. ಅದನ್ನು ತಿಂದ ದಿನ ಪೇಟೆಯಿಂದ ಯಾವ ತರಕಾರಿ ಅಥವಾ ತಿಂಡಿ ತರುವುದು ತಪ್ಪಿತೋ ಅದರ ಬೆಲೆಯಲ್ಲಿ ಅಳೆಯಬೇಕು.

ಪ್ರಶ್ನೆ: 2025ರಲ್ಲಿ ತೆಂಗಿನಕಾಯಿಗೆ ಬೆಲೆ ಏರಿದಂದಿನಿಂದ ಕಾಯಿ ಕೊಂಡು ತರುವ ನಮ್ಮಂಥವರಿಗೆ ಕಷ್ಟವಾಗಿದೆ. ತುರಿದು ಫ್ರೀಜರಿನಲ್ಲಿ ಇಟ್ಟರೆ ಪ್ರಯೋಜನವಿದೆಯೇ?
– ಬಾಡಿಗೆ ಮನೆಯ ಓದುಗರೊಬ್ಬರು, ಕುಂಬಳೆ

ಉತ್ತರ: ಒಡೆಯದ ಕಾಯಿ ತಾನೇ ಒಂದು ಡಬ್ಬಿ, ಜುಟ್ಟು ಉಳಿಸಿ ಸುಲಿದ ಬಲಿತ ಕಾಯಿಯನ್ನು ಗಾಳಿಯಾಡುವ ಒಣ ಜಾಗದಲ್ಲಿಟ್ಟರೆ ಅದಕ್ಕೆ ಫ್ರೀಜರ್ ಬೇಡ. ಹಾಳಾಗುವುದು ಒಡೆದ ಕಾಯಿಯ ಉಳಿದ ಅರ್ಧ ಭಾಗ. ಇಬ್ಬರೇ ಇರುವ ಮನೆಯಲ್ಲಿ ಆ ಭಾಗ ಫ್ರಿಜ್ಜಿನಲ್ಲಿ ಅಂಟಂಟಾಗಿ ಕೊನೆಗೆ ಗೊಬ್ಬರದ ಗುಂಡಿ ಸೇರುವುದು ಸಾಮಾನ್ಯ. ಕಾಯಿಯನ್ನು ಒಡೆದ ದಿನವೇ ಪೂರ್ತಿ ತುರಿದು, ಒಂದು ಪದಾರ್ಥಕ್ಕೆ ಬೇಕಾಗುವಷ್ಟನ್ನು ಒಂದೊಂದು ಕವರಿನಲ್ಲಿ ಹಾಕಿ, ಅಂಗೈಯಿಂದ ಒತ್ತಿ ಹಪ್ಪಳದಂತೆ ತೆಳ್ಳಗೆ ಮಾಡಿ ಇಡಿ. ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಬೇಕಾದಾಗ ಮುರಿದು ಮಿಕ್ಸಿಗೆ ಹಾಕಲೂ ಬರುತ್ತದೆ. ಮೂರು ತಿಂಗಳವರೆಗೆ ಹುಳಿ, ಮೇಲೋಗರ, ಮಜ್ಜಿಗೆಹುಳಿಗೆ ಅರೆಯಲು ಯಾವ ತೊಂದರೆಯೂ ಇಲ್ಲ. ಪಲ್ಯದ ಮೇಲೆ ಉದುರಿಸಲು ತಾಜಾ ತುರಿಯೇ ಆಗಬೇಕು. ಬೆಲೆ ಇಳಿದಾಗ ನೂರು ಕಾಯಿ ತಂದು ತುರಿದಿಡುವ ಯೋಚನೆ ಇದ್ದರೆ ಬಿಡಿ. ಅಷ್ಟು ಕಾಯಿ ಇಡೀ ಆಗಿಯೇ ಅಟ್ಟದ ಮೇಲೆ ಇರಲಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದರೆ ಒಂದೂವರೆ ಎರಡು ದಿನ ಕರೆಂಟ್ ಇರುವುದಿಲ್ಲ. ಹೀಗಿರುವಾಗ ಫ್ರೀಜರ್ ತುಂಬಿಸುವುದು ಮೂರ್ಖತನವಲ್ಲವೇ? ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಹುದೇ?
– ಕೃಷಿಕರೊಬ್ಬರು, ಪೆರ್ಲ

ಉತ್ತರ: ಕಾಸರಗೋಡಿನ ಒಳನಾಡಿನಲ್ಲಿ ಇದು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ಸುರಕ್ಷಿತ ತಂಪನ್ನು ಉಳಿಸಿಕೊಳ್ಳುತ್ತದೆ. ಅರ್ಧ ಖಾಲಿಯಿದ್ದರೆ ಸುಮಾರು 24 ಗಂಟೆ. ಹೆಪ್ಪುಗಟ್ಟಿದ ಸರಕೇ ಒಂದನ್ನೊಂದು ತಣ್ಣಗಿಡುವುದು ಇದಕ್ಕೆ ಕಾರಣ. ಖಾಲಿ ಉಳಿದ ಜಾಗದಲ್ಲಿ ಮುಕ್ಕಾಲು ತುಂಬಿದ ನೀರಿನ ಬಾಟಲಿಗಳನ್ನು ಇಟ್ಟರೆ ಅವು ಮಂಜುಗಡ್ಡೆಯಾಗಿ ಆ ಕೆಲಸವನ್ನು ಮಾಡುತ್ತವೆ. ಬಾಟಲಿಯನ್ನು ಪೂರ್ತಿ ತುಂಬಬಾರದು, ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಗಾಜಿನದಾದರೆ ಒಡೆದೇ ಹೋಗುತ್ತದೆ. ಗಾಳಿ ಮಳೆ ಜೋರಾದ ದಿನ ಥರ್ಮೋಸ್ಟಾಟನ್ನು ಅತಿ ತಂಪಿಗೆ ತಿರುಗಿಸಿಡಿ, ಕರೆಂಟ್ ಹೋದ ಮೇಲೆ ‘ಏನಾಗಿದೆ ನೋಡೋಣ’ ಎಂದು ಬಾಗಿಲು ತೆರೆಯಬೇಡಿ. ಕೆಳಗಿನ ಫ್ರಿಜ್ಜಿನ ಭಾಗಕ್ಕೆ ಈ ತಾಳಿಕೆ ಇಲ್ಲ, ಅದು ನಾಲ್ಕು ಗಂಟೆಯಷ್ಟೇ.

ಊರಲ್ಲಿಲ್ಲದಾಗ ಕರೆಂಟ್ ಹೋಗಿ ಬಂದದ್ದು ತಿಳಿಯುವುದಕ್ಕೆ ಸರಳವಾದ ಉಪಾಯವಿದೆ. ಒಂದು ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಮೇಲೆ ಒಂದು ನಾಣ್ಯವನ್ನಿಟ್ಟು, ಫ್ರೀಜರಿನಲ್ಲಿಯೇ ಬಿಟ್ಟು ಹೋಗಿ. ಬಂದು ನೋಡುವಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಅದು ತಳಕ್ಕೆ ಇಳಿದು ಅದರ ಮೇಲೆ ಮಂಜುಗಟ್ಟಿದ್ದರೆ, ಈಗ ಎಲ್ಲವೂ ಗಟ್ಟಿಯಾಗಿ ಕಂಡರೂ ನಡುವೆ ಒಮ್ಮೆ ಪೂರ್ತಿ ಕರಗಿತ್ತು ಎಂದು ತಿಳಿಯಿರಿ.

ಮತ್ತೆ ಹೆಪ್ಪುಗಟ್ಟಿಸುವ ಕುರಿತು: ಪೊಟ್ಟಣದೊಳಗೆ ಇನ್ನೂ ಮಂಜಿನ ಹರಳುಗಳು ಉಳಿದಿದ್ದು, ಕೈಗೆ ಫ್ರಿಜ್ಜಿನಷ್ಟು ತಣ್ಣಗೆ ಹತ್ತಿದರೆ ಹಾಗೆಯೇ ಮರಳಿ ಇಡಬಹುದು, ರುಚಿ ಸ್ವಲ್ಪ ಕಡಿಮೆಯಾದೀತು, ಅಪಾಯವಿಲ್ಲ. ಪೂರ್ತಿ ಕರಗಿ ಕೋಣೆಯ ಬಿಸಿಗೆ ಬಂದ ಮೀನು, ಮಾಂಸ, ಬೇಯಿಸಿದ ಪದಾರ್ಥಗಳನ್ನು ಮುಲಾಜಿಲ್ಲದೆ ಎಸೆಯಿರಿ. ಫ್ರೀಜರಿನಲ್ಲಿ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಬೆಳೆಯದೆ ಸುಮ್ಮನಿರುತ್ತವೆ. ಬೆಚ್ಚಗಾದ ಕೂಡಲೇ ಬಿಟ್ಟಲ್ಲಿಂದ ಆರಂಭಿಸುತ್ತವೆ. ಮೀನಿನ ನೀರು ಇಳಿದು ಹಣ್ಣಿನ ಮೇಲೆ ಬೀಳದಂತೆ ಮೀನನ್ನು ಯಾವಾಗಲೂ ತಳದಲ್ಲಿ, ಅಂಚಿರುವ ತಟ್ಟೆಯಲ್ಲಿ ಇಡುವುದು ಇದಕ್ಕಾಗಿಯೇ. ನಿಮ್ಮ ಊರಿನ ಸ್ಥಿತಿಯಲ್ಲಿ ಮೇ ತಿಂಗಳ ಹಲಸನ್ನು ಧೈರ್ಯವಾಗಿ ತುಂಬಿಸಿ, ಮೀನನ್ನು ಮಾತ್ರ ಹತ್ತು ಹದಿನೈದು ದಿನಕ್ಕೆ ಆಗುವಷ್ಟು ಇಡಿ ಎನ್ನುವುದು ನಮ್ಮ ಸಲಹೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ವಾರಕ್ಕೆ ಮೂರು ನಾಲ್ಕು ದಿನ ಹೋಟೆಲಿನಿಂದ ತರಿಸುವುದರಲ್ಲಿಯೇ ಸಂಬಳ ಕರಗುತ್ತಿದೆ. ಭಾನುವಾರ ಅಡುಗೆ ಮಾಡಿ ಫ್ರೀಜರಿನಲ್ಲಿ ಇಡಬಹುದೇ? ಮನೆಯ ಹಿರಿಯರು ತಂಗಳು ತಿನ್ನಬಾರದು ಎನ್ನುತ್ತಾರೆ.
– ಓದುಗರೊಬ್ಬರು, ಕಾಸರಗೋಡು ಪೇಟೆ

ಉತ್ತರ: ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ನಮ್ಮ ಕರಾವಳಿಯ ಸೆಖೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಪದಾರ್ಥದ ಬಗ್ಗೆ ಅವರ ಎಚ್ಚರಿಕೆ ಸರಿಯಾಗಿಯೇ ಇದೆ. 5 ಡಿಗ್ರಿಯಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ. ಬೇಯಿಸಿದ ಅಡುಗೆ ಈ ನಡುವಿನ ಹಾದಿಯನ್ನು ಎಷ್ಟು ಬೇಗ ದಾಟುತ್ತದೆ ಎಂಬುದೇ ಮುಖ್ಯ. ಹುಳಿಯ ಪಾತ್ರೆಯನ್ನು ತಣ್ಣೀರು ತುಂಬಿದ ಅಗಲವಾದ ಪರಾತದಲ್ಲಿ ಕೂರಿಸಿ, ಆಗಾಗ ಸೌಟಿನಿಂದ ಆಡಿಸಿ, ಉಗುರು ಬೆಚ್ಚಗಾದ ಕೂಡಲೇ ಚಿಕ್ಕ ಡಬ್ಬಿಗಳಿಗೆ ಹಂಚಿ. ಒಲೆಯಿಂದ ಇಳಿಸಿ ಎರಡು ಗಂಟೆಯೊಳಗೆ ಅದು ಫ್ರೀಜರಿನಲ್ಲಿರಬೇಕು. ಅನ್ನದ ವಿಷಯದಲ್ಲಿ ಇನ್ನೂ ಬೇಗ, ಏಕೆಂದರೆ ಅನ್ನದಲ್ಲಿ ಬೇಯಿಸಿದರೂ ಸಾಯದ ಬೀಜಾಣುಗಳು ಇರಬಹುದು, ಅವು ಬೆಚ್ಚಗಿನ ಅನ್ನದಲ್ಲಿ ಮೊಳೆತು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಹಾಗೆ ನೋಡಿದರೆ ಅನ್ನವನ್ನು ಇಡುವ ಅಗತ್ಯವೇ ಇಲ್ಲ. ಕುಕ್ಕರಿನಲ್ಲಿ ಅನ್ನವಾಗುವಷ್ಟರಲ್ಲಿ ಹುಳಿ ಕರಗಿ ಕುದಿಯುತ್ತದೆ.

ಕಾಯಿ ಅರೆದ ಹುಳಿ, ಬೇಯಿಸಿದ ಕಡಲೆ, ಹೆಸರುಕಾಳು, ಕೋಳಿ ಪದಾರ್ಥ, ಅರೆಬೇಯಿಸಿದ ಚಪಾತಿ, ಹೋಳು ಮಾಡಿದ ಪತ್ರೊಡೆ ಇವು ಚೆನ್ನಾಗಿ ನಿಲ್ಲುತ್ತವೆ. ಬಟಾಟೆಯ ಹೋಳು ರವೆಯಂತಾಗುತ್ತದೆ, ನುಗ್ಗೆ ಕಳಚಿಕೊಳ್ಳುತ್ತದೆ, ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರಾಗುತ್ತದೆ, ಮೊಸರು ನೀರೊಡೆಯುತ್ತದೆ. ದೋಸೆ ಹಿಟ್ಟನ್ನು ಇಟ್ಟರೆ ದೋಸೆ ಆಗುತ್ತದೆ, ಇಡ್ಲಿ ಮೊದಲಿನಂತೆ ಉಬ್ಬುವುದಿಲ್ಲ. ಬೇಯಿಸಿದ್ದನ್ನು ಎರಡು ತಿಂಗಳೊಳಗೆ ಮುಗಿಸಿ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿ ಕರಗಿಸಬೇಕೇ ಹೊರತು ಬೆಳಿಗ್ಗೆ ಕಟ್ಟೆಯ ಮೇಲಿಟ್ಟು ಆಫೀಸಿಗೆ ಹೋಗಬಾರದು. ಮರೆತಿದ್ದರೆ ನೇರವಾಗಿ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಚೆನ್ನಾಗಿ ಕುದಿಸಿ.

ಡಬ್ಬಿಗೆ ಚೀಟಿ ಅಂಟಿಸಿ ಏನು, ಯಾವ ದಿನದ್ದು ಎಂದು ಬರೆಯುವುದನ್ನು ಬಿಡಬೇಡಿ. ಮಂಜು ಹಿಡಿದ ಮೇಲೆ ಸಾರೂ ಹುಳಿಯೂ ಒಂದೇ ಬಣ್ಣ. ಬಾಗಿಲಿನ ಹೊರಗೆ ಒಂದು ಪಟ್ಟಿ ಅಂಟಿಸಿ, ತೆಗೆದದ್ದನ್ನು ಹೊಡೆದುಹಾಕುತ್ತಾ ಹೋಗಿ. ಹೋಟೆಲಿಗೆ ಫೋನ್ ಮಾಡುವ ಮೊದಲು ಕಣ್ಣಿಗೆ ಬೀಳುವುದು ಆ ಪಟ್ಟಿಯೇ ಆಗಿರಬೇಕು.

ಪ್ರಶ್ನೆ: ಹಿತ್ತಲಿನಲ್ಲಿ ಅಲಸಂಡೆ, ಬೆಂಡೆ ಒಮ್ಮೆಲೇ ರಾಶಿ ಬರುತ್ತದೆ. ಹಾಗೆಯೇ ಹೆಚ್ಚಿ ಇಟ್ಟರೆ ಹುಲ್ಲಿನ ವಾಸನೆ ಬರುತ್ತದೆ. ಏನು ಮಾಡಲಿ?
– ಗೃಹಿಣಿಯೊಬ್ಬರು, ಮುಳ್ಳೇರಿಯ

ಉತ್ತರ: ತರಕಾರಿಯೊಳಗಿನ ಕಿಣ್ವಗಳು ತಂಪಿನಲ್ಲೂ ನಿಧಾನವಾಗಿ ಕೆಲಸ ಮಾಡುತ್ತವೆ, ವಾಸನೆ ಅದರಿಂದ. ಅಲಸಂಡೆಯನ್ನು ಮುರಿದು, ಬೆಂಡೆಯನ್ನು ತೊಟ್ಟಿನ ತುದಿಯಷ್ಟೇ ಕತ್ತರಿಸಿ ಇಡಿಯಾಗಿ, ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ ತೆಗೆದು ಅಷ್ಟೇ ಹೊತ್ತು ಮಂಜುನೀರಿನಲ್ಲಿ ಮುಳುಗಿಸಿ, ಒರೆಸಿ ಇಡಿ. ಹರಿವೆ, ಬಸಳೆಯ ಸೊಪ್ಪಿಗೆ ಎರಡು ನಿಮಿಷ ಸಾಕು. ಟೊಮೆಟೊಕ್ಕೆ ಇದಾವುದೂ ಬೇಡ, ಅಗ್ಗವಾದಾಗ ತೊಳೆದು ಒರೆಸಿ ಇಡಿಯಾಗಿ ಇಟ್ಟರಾಯಿತು. ತೆಗೆದು ನೀರಿಗೆ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ, ಸಾರಿಗೆ ಸಾಕು. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದಾಗ ಇಂಥ ಒಂದು ಚೀಲ ಇದ್ದವರು ಪುಣ್ಯವಂತರು. ಮಂಗಳೂರು ಸೌತೆ ಮತ್ತು ಕುಂಬಳ ಎಂದೂ ಫ್ರೀಜರಿಗೆ ಬೇಡ, ಬಳ್ಳಿಯಿಂದ ಕಟ್ಟಿ ಅಟ್ಟದಡಿ ತೂಗಹಾಕಿದರೆ ತಿಂಗಳುಗಟ್ಟಲೆ ಉಳಿಯುವುದನ್ನು ಕರೆಂಟ್ ಸುಟ್ಟು ಕಾಪಾಡುವುದೇಕೆ?

ಪ್ರಶ್ನೆ: ಮಳೆಗಾಲದಲ್ಲಿ ರವೆ, ಬೇಳೆಗೆ ಹುಳ ಬೀಳುತ್ತದೆ. ಫ್ರೀಜರ್ ಸಹಾಯಕ್ಕೆ ಬಂದೀತೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಬರುತ್ತದೆ. ತಂದ ಪೊಟ್ಟಣವನ್ನು ಗಾಳಿಯಾಡದ ಕವರಿನಲ್ಲಿ ಹಾಕಿ ನಾಲ್ಕು ದಿನ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕವರನ್ನು ಬಿಚ್ಚಬೇಡಿ, ಬಿಚ್ಚಿದರೆ ನೀರು ಬೆವರಿ ರವೆ ಮುಗ್ಗುತ್ತದೆ. ಅನಂತರ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಹೊರಗೇ ಇಡಿ.

ಪ್ರಶ್ನೆ: ನಮ್ಮ ಫ್ರೀಜರಿನ ಗೋಡೆಗೆ ಕೈಬೆರಳಿನಷ್ಟು ದಪ್ಪ ಮಂಜು ಕಟ್ಟುತ್ತದೆ, ಕರೆಂಟ್ ಬಿಲ್ಲೂ ಏರಿದೆ. ಯಂತ್ರ ಹಳತಾಯಿತೆಂದು ಹೊಸದನ್ನು ತರಬೇಕೇ?
– ನಿವೃತ್ತ ಶಿಕ್ಷಕರೊಬ್ಬರು, ಹೊಸಂಗಡಿ

ಉತ್ತರ: ಮಾಷ್ಟ್ರೇ, ಅವಸರ ಬೇಡ. ಅರ್ಧ ಸೆಂಟಿಮೀಟರಿಗಿಂತ ದಪ್ಪವಾದ ಮಂಜು ತಂಪನ್ನು ಒಳಗೆ ಬಿಡದೆ ಯಂತ್ರವನ್ನು ಹೆಚ್ಚು ಹೊತ್ತು ಓಡಿಸುತ್ತದೆ. ದಾಸ್ತಾನು ಕಡಿಮೆಯಿರುವ ದಿನ ನೋಡಿ, ಇರುವುದನ್ನು ಗೋಣಿಯಲ್ಲಿ ಸುತ್ತಿಟ್ಟು, ಸ್ವಿಚ್ ಆರಿಸಿ, ಒಳಗೆ ಬಿಸಿನೀರಿನ ಪಾತ್ರೆಯಿಟ್ಟು ಕರಗಿಸಿ; ಚೂರಿಯಿಂದ ಕೆತ್ತಿದರೆ ಗ್ಯಾಸಿನ ಕೊಳವೆ ತೂತಾಗಿ ನಿಜಕ್ಕೂ ಹೊಸ ಯಂತ್ರವೇ ಬೇಕಾದೀತು. ಒಣಗಿದ ಮೇಲೆ ಬಾಗಿಲಿನ ನಡುವೆ ಒಂದು ಕಾಗದದ ಚೂರನ್ನಿಟ್ಟು ಮುಚ್ಚಿ, ಎಳೆದು ನೋಡಿ. ಸುತ್ತಲೂ ಹಲವು ಕಡೆ ಹೀಗೆ ಪರೀಕ್ಷಿಸಿ. ಎಲ್ಲಿಯಾದರೂ ಕಾಗದ ತಡೆಯಿಲ್ಲದೆ ಜಾರಿ ಬಂದರೆ ಮಳೆಗಾಲದ ತೇವದ ಗಾಳಿ ಒಳಹೋಗಿ ಮಂಜಾಗುತ್ತಿರುವುದು ಆ ಸಂದಿನಿಂದಲೇ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಒಂದನ್ನೇ ಬದಲಾಯಿಸಿಕೊಡುವಂತೆ ಮೆಕ್ಯಾನಿಕ್ಕಿಗೆ ಹೇಳಿ.